ಅತ್ತೆಯ ತೋಟದ ಮೇಲೊಂದು ಅರ್ಜಿ

ಅತ್ತೆಯ ಮನೆಯಲ್ಲಿ ನಾದಿನಿಯ ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರವಿತ್ತು. ಎರಡು ದಿನ ಇದ್ದು ಬರೋಣವೆಂದು ನಾನೂ ನನ್ನ ಗಂಡನೂ ಒಂದೇ ಸೂಟ್‌ಕೇಸ್ ಹಿಡಿದು ಹೊರಟೆವು. ದಿಂಡಿಗಲ್ಲಿನಿಂದ ತೇನಿಗೆ ಒಂದು ಬಸ್ಸು, ತೇನಿಯಿಂದ ಕಂಬಂಗೆ ಇನ್ನೊಂದು, ಅಲ್ಲಿಂದ ಕಾಮಯಗೌಂಡನ್‌ಪಟ್ಟಿ ಪಕ್ಕದಲ್ಲಿರುವ ಅವರ ಊರಿಗೆ ಆಟೋ. ನಾವು ಮನೆ ತಲುಪಿ ಕಾಲು ತೊಳೆಯುವ ಹೊತ್ತಿಗೆ ಟೀವಿಯಲ್ಲಿ ಲಾಕ್‌ಡೌನ್ ಸುದ್ದಿ ಬರುತ್ತಿತ್ತು. ಶಾಸ್ತ್ರ ನಿಂತುಹೋಯಿತು. ನಾದಿನಿ ತನ್ನ ಊರಲ್ಲೇ ಉಳಿದಳು. ನಾವು ಇಲ್ಲಿ ಉಳಿದೆವು.

ನನ್ನ ಗಂಡನಿಗೆ ದಿಂಡಿಗಲ್ಲಿನಲ್ಲಿ ಬೀಗದ ಅಂಗಡಿ. "ದೇಶಕ್ಕೇ ಬೀಗ ಆಕೋ ದಿವ್ಸ ಬೀಗದಂಗ್ಡಿ ಮುಚ್ಚು ಅಂತಾರೆ, ನೋಡು," ಎಂದು ನಕ್ಕವರು, ಆಮೇಲೆ ತಾವು ಹುಟ್ಟಿ ಬೆಳೆದ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಮಲಗಿಬಿಟ್ಟರು. ನಾನು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಕಚೇರಿಯವರು ಮನೆಯಲ್ಲೇ ಇರಿ ಎಂದರು. ಯಾವ ಮನೆ ಎಂದು ಅವರು ಹೇಳಲಿಲ್ಲ.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ನಾನು ಪರಿಸರದ ಪರವಾಗಿ ಹೋರಾಡುವವಳು. ದಿಂಡಿಗಲ್ಲಿನಲ್ಲಿ ನಮ್ಮದೊಂದು ಸಣ್ಣ ಬಳಗ ಇದೆ. ಏಳು ಜನ. ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಆ ಹೊತ್ತಿಗೆ ಹತ್ತು ವರ್ಷಗಳಿಂದ ನಾವು ಅರ್ಜಿ ಬರೆಯುತ್ತಿದ್ದೆವು. ಕೆರೆಗೆ ಕಸ ಸುರಿಯಬೇಡಿ, ರಸ್ತೆ ಅಗಲ ಮಾಡಲು ಮರ ಕಡಿಯಬೇಡಿ, ಬಸ್‌ಸ್ಟ್ಯಾಂಡಿನ ಹಿಂದೆ ಪ್ಲಾಸ್ಟಿಕ್ ಸುಡಬೇಡಿ. ಅರ್ಜಿಗೆ ಮೊದಲ ಸಹಿ ಅಧ್ಯಕ್ಷರದು, ಎರಡನೆಯದು ನನ್ನದು. ಅಷ್ಟೂ ವರ್ಷಗಳಲ್ಲಿ ನಾವು ಉಳಿಸಿದ್ದು ಒಂದು ಹುಣಸೆಮರವನ್ನು. ಅದರ ಸುತ್ತ ಕೈ ಕೈ ಹಿಡಿದು ನಿಂತು ಫೋಟೋ ತೆಗೆಸಿಕೊಂಡಿದ್ದೆವು. ಮುಂದಿನ ಗಾಳಿಮಳೆಗೆ ಅದು ತಾನಾಗಿಯೇ ಬಿದ್ದುಹೋಯಿತು. ಬಿದ್ದಾಗ ಕೆಳಗೆ ಯಾರೂ ಇರಲಿಲ್ಲವಲ್ಲ, ಅದೇ ದೊಡ್ಡದು ಎಂದು ಅಧ್ಯಕ್ಷರು ಸಮಾಧಾನ ಹೇಳಿದರು.

ಊರಿನ ಮನೆಯಲ್ಲಿ ನಡೆಯುವುದು ಅತ್ತೆಯ ಮಾತು. ಮೈದುನ ತರಕಾರಿ ಸಾಗಿಸುವ ಮಿನಿ ಲಾರಿ ಓಡಿಸುತ್ತಾನೆ. ಅವನ ಹೆಂಡತಿ ಅಡುಗೆಮನೆಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ತೋಟ ಮಾತ್ರ ಅತ್ತೆಯದು. ಕಾಲುವೆ ದಾರಿಯಲ್ಲಿರುವ ದ್ರಾಕ್ಷಿ ತೋಟ ಅದು. ಕಲ್ಲುಕಂಬಗಳ ಮೇಲೆ ತಂತಿ ಎಳೆದು, ಬಳ್ಳಿ ಹಬ್ಬಿಸಿದ ಚಪ್ಪರ. ಕೆಳಗೆ ನಿಂತರೆ ಗೊಂಚಲುಗಳು ತಲೆಗೆ ತಾಗುತ್ತವೆ. ಎಪ್ಪತ್ತು ದಾಟಿದ ಅತ್ತೆ ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾರೆ. ಹಾಗಾಗಿ ಆ ಚಪ್ಪರದ ಕೆಳಗೆ ಬಗ್ಗದೆ ಓಡಾಡುವವರು ಮನೆಯಲ್ಲಿ ಅವರೊಬ್ಬರೇ.

ನಮ್ಮ ಮನೆಗಳ ಕನ್ನಡ ಎಷ್ಟೋ ತಲೆಮಾರಿನ ಹಿಂದೆ ಕರ್ನಾಟಕ ಬಿಟ್ಟು ತಮಿಳುನಾಡಿಗೆ ಬಂದದ್ದು. ಅದಕ್ಕೆ ಬರವಣಿಗೆ ಗೊತ್ತಿಲ್ಲ. ನಾನು ಈಗ ಬರೆಯುತ್ತಿರುವ ಈ ಕನ್ನಡ ಆಮೇಲೆ ಪುಸ್ತಕ ಇಟ್ಟುಕೊಂಡು ಕಲಿತದ್ದು. ಅತ್ತೆಯ ಬಾಯಲ್ಲಿ ಹೂವು 'ಊವು', ಹಣ್ಣು 'ಅಣ್ಣು', ಹಕ್ಕಿ ಅಂದರೆ ತಮಿಳಿನ 'ಕುರುವಿ'. ಪೇಟೆಯಲ್ಲಿ ಬೆಳೆದ ನನಗೆ ಆ ಮಾತು ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಆಡಿದರೆ ಅತ್ತೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಮೊದಲ ಒಂದು ತಿಂಗಳು ನಾನು ಪ್ರಕೃತಿಯನ್ನು ಆನಂದಿಸಿದೆ. ಬೇರೆ ಕೆಲಸವೂ ಇರಲಿಲ್ಲ ಅನ್ನಿ. ಬೆಳಿಗ್ಗೆ ಎದ್ದು ಮಹಡಿಗೆ ಹೋದರೆ ಎರಡೂ ಕಡೆ ಬೆಟ್ಟದ ಸಾಲು, ಒಂದೊಂದು ಮಡಿಕೆಯೂ ಕಾಣುವಷ್ಟು ಸ್ವಚ್ಛ. ಲಾರಿಗಳಿಲ್ಲ, ಹೊಗೆಯಿಲ್ಲ. ಬೀದಿಯ ನಡುವೆ ನವಿಲೊಂದು ಪಂಚಾಯ್ತಿ ಅಧ್ಯಕ್ಷನ ಗತ್ತಿನಲ್ಲಿ ನಡೆದುಹೋಗುತ್ತಿತ್ತು. ನಾನು ಫೋಟೋ ತೆಗೆದು ಬಳಗದ ವಾಟ್ಸಾಪಿಗೆ ಹಾಕುತ್ತಿದ್ದೆ. 'ಭೂಮಿತಾಯಿ ಉಸಿರಾಡುತ್ತಿದ್ದಾಳೆ' ಎಂದು ತಮಿಳಿನಲ್ಲಿ ಬರೆಯುತ್ತಿದ್ದೆ. ಆರು ಜನರೂ ಕೈಮುಗಿಯುವ ಚಿತ್ರ ಕಳಿಸುತ್ತಿದ್ದರು. ದೇಶದೇಶಗಳಲ್ಲಿ ಮನುಷ್ಯರು ಉಸಿರು ಸಿಗದೆ ಸಾಯುತ್ತಿದ್ದ ದಿನಗಳಲ್ಲಿ ಆ ಮಾತು ಎಂಥದ್ದೆಂದು ಆಗ ಹೊಳೆಯಲಿಲ್ಲ.

ಒಂದು ದಿನ ಅತ್ತೆಯನ್ನು ಮಹಡಿಗೆ ಕರೆದು, "ನೋಡಿ ಅತ್ತೆ, ಬೆಟ್ಟ ಎಷ್ಟು ಚೆನ್ನಾಗಿ ಕಾಣಿಸ್ತಿದೆ!" ಎಂದೆ.

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ಆ ಬೆಟ್ಟ ಓದ್ ವರ್ಸಾನೂ ಅಲ್ಲೇ ಇತ್ತು ಕಣ್ಣು. ನೀನು ಬಂದಿರ್ಲಿಲ್ಲ, ಅಷ್ಟೇ," ಎಂದು ಮೆಣಸಿನಕಾಯಿ ಒಣಹಾಕಲು ಹೋದರು. ಕಣ್ಣು ಅಂದರೆ ಅವರ ಬಾಯಲ್ಲಿ ಚಿನ್ನ, ಮುದ್ದು ಎಂದ ಹಾಗೆ.

ಏಪ್ರಿಲ್ ಕೊನೆಗೆ ದ್ರಾಕ್ಷಿ ಬಣ್ಣ ತಿರುಗಿತು. ನಮ್ಮ ಕಣಿವೆಯ ಪನ್ನೀರು ದ್ರಾಕ್ಷಿ ಮೊದಲು ಹಸಿರು, ಆಮೇಲೆ ತಾಮ್ರದ ಕೆಂಪು, ಕೊನೆಗೆ ಕಪ್ಪು. ಕೊಳ್ಳಲು ಯಾರು ಬರುತ್ತಾರೆ, ಕೇರಳದ ಗಡಿ ಯಾವಾಗ ಸರಿಯಾಗಿ ತೆರೆಯುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಆದರೂ ಬಣ್ಣ ತಿರುಗಿದ ಮೇಲೆ ಹಕ್ಕಿಗಳಂತೂ ಬರುತ್ತವೆ ಎಂದು ಅತ್ತೆ ತೋಟದ ಸುತ್ತ ನೈಲಾನ್ ಬಲೆ ಕಟ್ಟಿಸಿದರು. ಕೂದಲೆಳೆಯಷ್ಟು ತೆಳು ದಾರ. ದೂರದಿಂದ ಬಲೆ ಇರುವುದೇ ಕಾಣುವುದಿಲ್ಲ. ಹಕ್ಕಿಗೂ ಕಾಣುವುದಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಒಂದು ಪಿಕಳಾರ ತಲೆಕೆಳಗಾಗಿ ನೇತಾಡುತ್ತಿತ್ತು. ತಲೆಯ ಮೇಲೆ ಜುಟ್ಟಿರುವ, ಬಾಲದ ಬುಡ ಕೆಂಪಗಿರುವ ಪುಟ್ಟ ಹಕ್ಕಿ. ದಾರ ಅದರ ರೆಕ್ಕೆಯ ಸಂದಿಗೆ ಹೊಕ್ಕಿತ್ತು. ಬಾಯಿ ತೆರೆದಿತ್ತು, ಜೀವ ಇತ್ತು. ನಾನು ಮೋಟಾರ್ ರೂಮಿನಲ್ಲಿದ್ದ ಕುಡುಗೋಲು ತಂದು ಬಲೆ ಕೊಯ್ದೆ. ಹಕ್ಕಿ ನನ್ನ ಬೆರಳನ್ನು ಕಚ್ಚಿ ಹಾರಿತು. ಪಕ್ಕದಲ್ಲೇ ಇನ್ನೆರಡು ಇದ್ದವು. ಅವಕ್ಕೆ ಜೀವ ಇರಲಿಲ್ಲ.

ಹಿಂದೆ ಅತ್ತೆ ಬಂದು ನಿಂತಿದ್ದರು. ಅವರು ನೋಡಿದ್ದು ಬಲೆಯ ತೂತನ್ನು.

"ಯಾಕ್ ತಾಯಿ ಅರ್ದೆ?"

"ಪಾಪ ಅತ್ತೆ, ಸಾಯ್ತಿತ್ತು."

"ಪಾವಂ ಅಂತ ನಂಗೂ ಗೊತ್ತು. ಕೊಂಡೆಕುರುವಿ ಅದು. ಒಂದ್ ಗೊಂಚ್ಲಲ್ಲಿ ಒಂದೇ ಅಣ್ಣು ಕುಕ್ಕುತ್ತೆ, ಮಿಕ್ಕಿದ್ದೆಲ್ಲ ಒಡ್ದು ಉಳಿಯಾಗುತ್ತೆ. ಅದ್ಕೆ ಪಾವಂ ಅಂದ್ರೆ ನಂಗೆ ಯಾರ್ ಪಾವಂ ಅಂತಾರೆ?"

ಅವರು ಸೆರಗಿನಲ್ಲಿ ಸಿಕ್ಕಿಸಿಕೊಂಡಿದ್ದ ದಾರ ತೆಗೆದು, ಆ ತೂತನ್ನು ಅಲ್ಲೇ ಹೊಲಿದರು. ಸತ್ತ ಎರಡು ಹಕ್ಕಿಗಳನ್ನು ಬಿಡಿಸಿ ಬದುವಿನ ಪಕ್ಕ ಮಣ್ಣು ಮಾಡಿದರು. ಮಣ್ಣು ಮುಚ್ಚುವಾಗ ಏನೋ ಗೊಣಗಿದರು, ನನಗೆ ಕೇಳಿಸಲಿಲ್ಲ.

ಮಧ್ಯಾಹ್ನ ಬಳಗದ ವಾಟ್ಸಾಪಿನಲ್ಲಿ ಉದ್ದವಾಗಿ ಬರೆದೆ. ಊರು ಯಾವುದು, ಕಾಲುವೆ ದಾರಿಯಲ್ಲಿ ಎಷ್ಟನೆಯ ತೋಟ, ಬಲೆಯ ದಾರ ಎಷ್ಟು ತೆಳು, ಎಲ್ಲವನ್ನೂ ಬರೆದೆ. ತೋಟ ಯಾರದು ಎಂಬುದನ್ನು ಬಿಟ್ಟು. ಸಂಜೆಯೊಳಗೆ ಅಧ್ಯಕ್ಷರು ಒಂದು ಅರ್ಜಿ ತಯಾರಿಸಿ ಕಳಿಸಿದರು. ಕಂಬಂ ಕಣಿವೆಯಲ್ಲಿ ಹಕ್ಕಿಗಳ ಸಂಹಾರ ನಡೆಯುತ್ತಿದೆ. ಉದಾಹರಣೆಗೆ ಇಂಥ ಊರಿನ ಕಾಲುವೆ ದಾರಿಯ ನಾಲ್ಕನೆಯ ತೋಟ. ಕೂಡಲೇ ಬಲೆ ತೆಗೆಸಬೇಕು. ಕೆಳಗೆ ಕೇಳಿದ್ದರು: 'ವಾಡಿಕೆಯಂತೆ ನಿಮ್ಮದು ಎರಡನೆಯ ಸಹಿ ಅಲ್ಲವೇ?'

ನಾನು ಆಗಲೇ ಬೇಡ ಅನ್ನಬಹುದಿತ್ತು, ಅದು ನನ್ನ ಅತ್ತೆಯ ತೋಟ ಎಂದು ಹೇಳಬಹುದಿತ್ತು. ಆದರೆ ಹತ್ತು ವರ್ಷದ ಅನುಭವ ನನ್ನ ಬೆನ್ನಿಗಿತ್ತು. ಸರಕಾರ ಸರಿಯಾಗಿ ನಡೆಯುವ ದಿನಗಳಲ್ಲೇ ನಮ್ಮ ಅರ್ಜಿಗೆ ಯಾರೂ ಕದಲಿದವರಲ್ಲ. ಈ ಕಾಯಿಲೆಯ ನಡುವೆ ಒಂದು ಪಿಕಳಾರಕ್ಕಾಗಿ ಯಾರು ಬರುತ್ತಾರೆ? ಏನೂ ಆಗುವುದಿಲ್ಲ ಎಂಬ ಪೂರ್ತಿ ನಂಬಿಕೆಯಿಂದ ನಾನು ಹೆಬ್ಬೆರಳಿನ ಚಿತ್ರ ಒತ್ತಿದೆ. ಅರ್ಜಿ ಈಮೇಲಿನಲ್ಲಿ ಹೋಯಿತು.

ಐದನೆಯ ದಿನ ಬೆಳಿಗ್ಗೆ ಗ್ರಾಮ ಆಡಳಿತಾಧಿಕಾರಿ ಮೋಟಾರ್ ಬೈಕಿನಲ್ಲಿ ಬಂದರು. ಊರಲ್ಲಿ ಎಲ್ಲರೂ ಕರೆಯುವಂತೆ ವಿ.ಎ.ಓ. ಸಾರು; ಸರ್ ಎಂಬುದು ಅಲ್ಲಿ ಸಾರು. ನಾನೂ ಅತ್ತೆಯೂ ಚಪ್ಪರದ ಕೆಳಗೆ ಒಣಗಿದ ಎಲೆ ತೆಗೆಯುತ್ತಿದ್ದೆವು. ಅವರು ಎರಡು ಮಾಸ್ಕ್ ಹಾಕಿಕೊಂಡು, ದಾರಿಯಲ್ಲೇ ದೂರ ನಿಂತು, ಕೈಯಲ್ಲಿದ್ದ ಫೋನನ್ನೂ ತೋಟವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. ಅವರೂ ಅತ್ತೆಯೂ ತಮಿಳಿನಲ್ಲಿ ಮಾತಾಡಿದರು. ನಾನು ಕನ್ನಡದಲ್ಲಿ ಬರೆಯುತ್ತೇನೆ.

"ಅಮ್ಮಾ, ನಿಮ್ಮ ತೋಟದ ಮೇಲೆ ಅರ್ಜಿ ಬಂದಿದೆ. ಮೇಲಿನಿಂದ ಬಂದಿದೆ. ಇವತ್ತೇ ನೋಡಿ ವರದಿ ಕಳಿಸು ಅಂದಿದ್ದಾರೆ."

"ನನ್ನ ಮೇಲಾ? ನಾನು ಯಾರ ಗಡಿ ಒತ್ತಿದೆ ಸಾರು?"

"ಗಡಿ ಅಲ್ಲಮ್ಮ. ಹಕ್ಕಿ."

ಅತ್ತೆ ಅವರನ್ನೇ ನೋಡಿದರು. ಜ್ವರ ಏನಾದರೂ ಇದೆಯೇ ಎಂಬಂತೆ ನೋಡಿದರು. ಆಮೇಲೆ ನನ್ನತ್ತ ತಿರುಗಿ, ಸಾರಿಗೆ ಮಜ್ಜಿಗೆ ಕೊಡು ಎಂದರು. ನಾನು ಮನೆಯಿಂದ ತಂದಿದ್ದ ಹಿಡಿಕೆಯ ಪಾತ್ರೆ, ತೂಕುಬಟ್ಟಲಿನಿಂದ ಲೋಟಕ್ಕೆ ಮಜ್ಜಿಗೆ ಸುರಿದು, ದಾರಿಯ ಬದಿಯ ಕಲ್ಲಿನ ಮೇಲಿಟ್ಟು ಹಿಂದೆ ಸರಿದೆ. ಅವರು ಮುಂದೆ ಬಂದು, ಲೋಟ ಎತ್ತಿಕೊಂಡು, ಮಾಸ್ಕ್ ಇಳಿಸಿ ಕುಡಿದರು.

"ಯಾರು ಸಾರು ಕೊಟ್ಟದ್ದು?" ಎಂದರು ಅತ್ತೆ.

"ದಿಂಡಿಗಲ್ಲಿನ ಯಾವುದೋ ಪರಿಸರ ಬಳಗ." ಅವರು ಫೋನನ್ನು ಕಣ್ಣ ಹತ್ತಿರ ಹಿಡಿದು ಹೆಸರುಗಳನ್ನು ಓದತೊಡಗಿದರು. ಮೊದಲನೆಯದು ಅಧ್ಯಕ್ಷರ ಹೆಸರು. ಎರಡನೆಯದು ನನ್ನದು. ಹೆಸರಿನ ಮುಂದೆ ನನ್ನ ಅಪ್ಪನ ಹೆಸರಿನ ಮೊದಲ ಅಕ್ಷರವನ್ನೂ ಸೇರಿಸಿ ಓದಿದರು.

ನನ್ನ ಕೈಯಲ್ಲಿ ತೂಕುಬಟ್ಟಲು ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅತ್ತೆ ನನ್ನತ್ತ ನೋಡಲೇ ಇಲ್ಲ. ನೋಡಿದ್ದರೆ ಸುಲಭವಾಗುತ್ತಿತ್ತು. ಅವರು ವಿ.ಎ.ಓ. ಅವರಿಗೆ ಹೇಳಿದರು:

"ದಿಂಡಿಗಲ್ಲಿನವರಾ. ಇರಲಿ ಸಾರು, ಒಳ್ಳೆಯವರೇ ಇರಬೇಕು. ಕಂಡೋರ ಹಕ್ಕಿಗೆ ಮರುಗೋರು ಕೆಟ್ಟೋರಾ? ಬಲೆ ತೆಗೀತೀನಿ, ಹಾಗೇ ಬರ್ಕೊಳ್ಳಿ."

ಅವರು ಬರೆದುಕೊಂಡು, ತೋಟದ ಫೋಟೋ ಒಂದು ತೆಗೆದುಕೊಂಡು ಹೋದರು. ಕಾಲುವೆ ದಾರಿಯ ಉಳಿದ ಎಲ್ಲ ತೋಟಗಳ ಬಲೆಗಳೂ ಹಾಗೆಯೇ ಇದ್ದವು. ಅರ್ಜಿಯಲ್ಲಿ ಇದ್ದದ್ದು ನಾಲ್ಕನೆಯ ತೋಟ ಮಾತ್ರ.

ಅತ್ತೆ ಆ ದಿನವಿಡೀ ನನ್ನೊಂದಿಗೆ ಎಂದಿನಂತೆಯೇ ಇದ್ದರು. ಊಟಕ್ಕೆ ಕರೆದರು, ಎಲೆಗೆ ಎರಡನೆಯ ಸಲ ಸಾರು ಹಾಕಿದರು. ಗಂಡನಿಗೆ ಹೇಳಿದೆ. ಅವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಜಗಲಿಯ ಮೇಲೆ ಹೊರಳಾಡಿ ನಕ್ಕರು. "ಅತ್ ವರ್ಸದಲ್ಲಿ ನಿಮ್ದು ಒಂದ್ ಮನು ಗೆದ್ದಿದ್ದು, ಅದೂ ನಮ್ಮವ್ವನ ಮ್ಯಾಲೆ!" ಅರ್ಜಿಗೆ ನಮ್ಮ ಕಡೆ ಮನು ಅನ್ನುತ್ತಾರೆ. ನಗು ಕೇಳಿ ಮೈದುನನ ಹೆಂಡತಿ ಏನೆಂದು ಕೇಳಿದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ದೀಪ ಹಚ್ಚುವ ಹೊತ್ತಿಗೆ ನಾನು ಅತ್ತೆಯ ಮುಂದೆ ಹೋಗಿ ನಿಂತೆ. "ತಪ್ಪಾಯ್ತು ಅತ್ತೆ. ಯಾರೂ ಬರಲ್ಲ ಅಂದ್ಕೊಂಡೆ."

"ಬರಲ್ಲ ಅಂತ ಗೊತ್ತಿದ್ರೆ ಯಾಕ್ ಬರ್ದೆ?"

ಈ ಪ್ರಶ್ನೆಯನ್ನು ಹತ್ತು ವರ್ಷಗಳಲ್ಲಿ ನಮ್ಮ ಬಳಗದಲ್ಲಿ ಯಾರೂ ಕೇಳಿರಲಿಲ್ಲ.

"ಬಲೆ ತೆಗ್ಸ್‌ದೆ. ಸರಿ," ಎಂದರು ಅತ್ತೆ. "ನಾಳೆಯಿಂದ ನೀನೇ ಬಲೆ."

ತೋಟದ ಕೆಲಸಕ್ಕೆ ಬರುತ್ತಿದ್ದ ಇಬ್ಬರು ಹೆಂಗಸರ ಬೀದಿಯಲ್ಲಿ ಒಬ್ಬರಿಗೆ ಕಾಯಿಲೆ ಬಂದು, ಬೀದಿಗೆ ತಗಡು ಅಡ್ಡ ಹೊಡೆದಿದ್ದರು. ಹಾಗಾಗಿ ಹಕ್ಕಿ ಓಡಿಸಲು ಬೇರೆ ಯಾರೂ ಇರಲಿಲ್ಲ. ಮರುದಿನ ಬೆಳಕು ಹರಿಯುವ ಮುಂಚೆ ಅತ್ತೆ ನನ್ನ ಕೈಗೆ ಒಂದು ಹಳೆಯ ಅಲ್ಯೂಮಿನಿಯಂ ತಟ್ಟೆ, ಒಂದು ಸೌಟು ಕೊಟ್ಟರು. ಹೀಗೆ ಪಕ್ಷಿಪ್ರೇಮಿಯಾದ ನಾನು ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೆ ಪಕ್ಷಿಗಳನ್ನು ಬೆದರಿಸುವ ಕೆಲಸಕ್ಕೆ ಸೇರಿದೆ. ಹೋ ಎಂದು ಕೂಗಬೇಕು, ತಟ್ಟೆ ಬಡಿಯಬೇಕು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಗ್ಗಿಕೊಂಡು ಓಡಬೇಕು. ನನಗೆ ಬಗ್ಗಿ ಅಭ್ಯಾಸವಿಲ್ಲ. ಮೊದಲ ದಿನವೇ ಚಪ್ಪರದ ತಂತಿ ಹಣೆಗೆ ಬಡಿದು ಬುಗುಟು ಎದ್ದಿತು.

ಸತ್ಯವನ್ನೇ ಹೇಳಬೇಕೆಂದರೆ, ನಾನು ಹಕ್ಕಿಗಳನ್ನು ನೋಡಿದ್ದು ಆ ನಾಲ್ಕು ವಾರಗಳಲ್ಲಿ ಮಾತ್ರ. ಅದಕ್ಕೆ ಮುಂಚೆ ಫೋಟೋ ತೆಗೆದಿದ್ದೆ, ಅಷ್ಟೇ. ಪಿಕಳಾರಗಳು ಇನ್ನೂ ಮಬ್ಬಿರುವಾಗಲೇ ಜೋಡಿಯಾಗಿ ಬರುತ್ತವೆ. ಒಂದು ತಿನ್ನುವಾಗ ಇನ್ನೊಂದು ತಂತಿಯ ಮೇಲೆ ಕೂತು ನೋಡುತ್ತಿರುತ್ತದೆ. ಬಿಸಿಲು ಏರಿದ ಮೇಲೆ ಗೊರವಂಕಗಳ ಗುಂಪು, ಮದುವೆಗೆ ಬಂದವರಂತೆ ಗಲಾಟೆ. ಗಿಳಿಗಳು ತಿನ್ನುವುದು ಸ್ವಲ್ಪ, ಕತ್ತರಿಸಿ ಬೀಳಿಸುವುದೇ ಹೆಚ್ಚು. ನಡು ಮಧ್ಯಾಹ್ನ ಒಂದೂ ಬರುವುದಿಲ್ಲ. ಆಗ ಚಪ್ಪರದ ಕೆಳಗಿನ ತಂಪಿನಲ್ಲಿ ಒಂದು ಕೆಂಬೂತ ಮಾತ್ರ ನೆಲದ ಮೇಲೆ ನಡೆದು, ಎಲೆ ಸರಿಸಿ ಹುಳ ಹುಡುಕುತ್ತದೆ. ಅದಕ್ಕೆ ದ್ರಾಕ್ಷಿ ಬೇಕಿಲ್ಲ. ಅದೊಂದನ್ನು ನಾನು ಓಡಿಸುತ್ತಿರಲಿಲ್ಲ. ತಟ್ಟೆಯನ್ನು ಮಡಿಲಲ್ಲಿಟ್ಟು ಉಸಿರು ಬಿಗಿಹಿಡಿದು ನೋಡುತ್ತ ಕೂರುತ್ತಿದ್ದೆ. ಒಂದು ದಿನ ಅದು ನನ್ನ ಚಪ್ಪಲಿಯ ಹತ್ತಿರದವರೆಗೂ ಬಂತು.

ನವಿಲಿಗೆ ಮಾತ್ರ ನನ್ನ ತಟ್ಟೆಯ ಮೇಲೆ ಯಾವ ಗೌರವವೂ ಇರಲಿಲ್ಲ. ಬೀದಿಯಲ್ಲಿ ನಾನು ಮೆಚ್ಚಿ ಫೋಟೋ ತೆಗೆದಿದ್ದ ಅದೇ ನವಿಲೋ ಏನೋ, ಕುಟುಂಬ ಸಮೇತ ಬಂದು ಕೆಳಗೆ ಜೋತ ಗೊಂಚಲುಗಳನ್ನು ಆರಾಮವಾಗಿ ತಿನ್ನುತ್ತಿತ್ತು. ನಾನು ಕಲ್ಲು ಎತ್ತಿಕೊಂಡೆ. ಅತ್ತೆ ಕೈ ಹಿಡಿದರು.

"ಬ್ಯಾಡ, ಅದು ಮುರುಗನ್ ವಂಡಿ." ಗಾಡಿ ಅವರ ಬಾಯಲ್ಲಿ ವಂಡಿ, ಗುಡಿ ಕೋವಿಲು, ಕೆಲಸ ವೇಲೆ. ಆಮೇಲೆ ಪಳನಿ ಬೆಟ್ಟ ಇರುವ ದಿಕ್ಕಿಗೆ ಮುಖ ಮಾಡಿ ಕೈಮುಗಿದು ಜೋರಾಗಿ ಹೇಳಿದರು: "ಮುರುಗಾ, ಕೋವಿಲೂ ಮುಚ್ಚವ್ರೆ, ನಿಂಗೂ ವೇಲೆ ಇಲ್ಲ. ಬಂದು ನಿನ್ ವಂಡಿ ಓಟಿಸ್ಕೊಂಡು ಓಗಪ್ಪಾ!"

ಇಬ್ಬರೂ ನಕ್ಕೆವು. ಅರ್ಜಿಯ ನಂತರ ನಾವು ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಎರಡನೆಯ ವಾರದ ಹೊತ್ತಿಗೆ ನನ್ನ ಗಂಟಲು ಕಟ್ಟಿತು. ಆ ದಿನಗಳಲ್ಲಿ ಗಂಟಲು ಕಟ್ಟುವುದೆಂದರೆ ಸಣ್ಣ ಸಂಗತಿಯಲ್ಲ. ಮನೆಯವರೆಲ್ಲ ನನ್ನನ್ನು ಮೂರು ದಿನ ದೂರದಿಂದ ನೋಡಿದರು. ಅತ್ತೆ ಮಾತ್ರ ಮೆಣಸಿನ ಕಷಾಯ ತಂದು, ಎದುರಿಗೇ ಕೂತು ಕುಡಿಸಿ, "ಕಾಯಿಲೆ ಅಲ್ಲ ಇದು, ಕೂಗಿದ್ದು," ಎಂದರು. ನಿಜವಾಗಿಯೂ ಕೂಗಿದ್ದೇ ಆಗಿತ್ತು. ನಾಲ್ಕನೆಯ ದಿನ ಅವರು ಮನೆಯಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ಗಂಟು ಕಟ್ಟಿಕೊಂಡು ತೋಟಕ್ಕೆ ಹೊರಟರು.

"ನೈಲಾನ್ ಬಲೆ ಬರೋ ಮುಂಚೆ ನಮ್ಮತ್ತೆ ಕಾಲ್ದಲ್ಲಿ ಇಂಗೇ ಕಟ್ತಿದ್ದು," ಎಂದು ಚಪ್ಪರದ ಅಂಚಿಗೆ ಸೀರೆಗಳನ್ನು ಸಾಲಾಗಿ ತೂಗಿಬಿಟ್ಟರು. ಗಾಳಿಗೆ ಅವು ಪಟಪಟ ಬಡಿದುಕೊಂಡವು. ಗೊರವಂಕಗಳು ಬಂದು, ಒಂದು ಸುತ್ತು ಹಾರಿ, ಪಕ್ಕದ ತೋಟಕ್ಕೆ ಹೋದವು. ಆದರೆ ರಸ್ತೆ ಕಡೆಯ ಒಂದು ಬದಿಗೆ ಸೀರೆ ಸಾಲಲಿಲ್ಲ.

ಅತ್ತೆ ನನ್ನನ್ನು ನೋಡಿದರು. "ನಿನ್ ಪೆಟ್ಟಿಗೇಲಿ ಏನಿದೆ?"

ಪೆಟ್ಟಿಗೆಯಲ್ಲಿ ಕಿವಿ ಚುಚ್ಚುವ ಶಾಸ್ತ್ರಕ್ಕೆಂದು ತಂದ ಹೊಸ ಚಿನ್ನಾಳಪಟ್ಟಿ ಸೀರೆಯಿತ್ತು. ಮಗ್ಗದವರ ಮನೆಗೇ ಹೋಗಿ ಆರಿಸಿದ್ದು. ಕಡು ನೀಲಿ, ಕಿತ್ತಳೆ ಅಂಚು, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ನಾನು ಹಿಂದೆ ಮುಂದೆ ನೋಡಿದೆ. ಹಕ್ಕಿಗಾಗಿ ಅತ್ತೆಯ ಬಲೆ ತೆಗೆಸುವಾಗ ಹೀಗೆ ಹಿಂದೆ ಮುಂದೆ ನೋಡಿರಲಿಲ್ಲ ಎಂಬುದು ನೆನಪಾಗಿ, ಮನೆಗೆ ಹೋಗಿ ತಂದುಕೊಟ್ಟೆ. ಅತ್ತೆ ಅದನ್ನು ಬೆರಳಲ್ಲಿ ಸವರಿ ನೋಡಿ, "ಒಳ್ಳೆ ಸೀರೆ," ಎಂದು ಮೆಚ್ಚಿ, ಕಂಬಕ್ಕೆ ಕಟ್ಟಿದರು.

ಜೂನ್ ಐದು ಪರಿಸರ ದಿನ. ನಮ್ಮ ಬಳಗದ ಸಭೆ ಆ ವರ್ಷ ಫೋನಿನಲ್ಲಿ. ತೋಟದಲ್ಲಿ ಸಿಗ್ನಲ್ ಸಿಗುವುದು ಮೋಟಾರ್ ರೂಮಿನ ಮೆಟ್ಟಿಲ ಮೇಲೆ ಮಾತ್ರ. ಅಲ್ಲಿ ಫೋನನ್ನು ಗೋಡೆಗೆ ಒರಗಿಸಿ, ತಟ್ಟೆಯನ್ನು ತೊಡೆಯ ಮೇಲಿಟ್ಟು ಕೂತೆ. ಅಧ್ಯಕ್ಷರು ಬಿಳಿ ಅಂಗಿ ಹಾಕಿಕೊಂಡು, ಪುಸ್ತಕದ ಕಪಾಟಿನ ಮುಂದೆ ಕೂತು ಗ್ರಾಂಥಿಕ ತಮಿಳಿನಲ್ಲಿ ಮಾತು ಆರಂಭಿಸಿದರು. ನಮ್ಮ ಹೋರಾಟಕ್ಕೆ ಸಿಕ್ಕ ದೊಡ್ಡ ಜಯ, ಒಬ್ಬ ಹೃದಯಹೀನ ತೋಟದ ಒಡೆಯನಿಂದ ನೂರಾರು ಹಕ್ಕಿಗಳನ್ನು ಉಳಿಸಿದ್ದೇವೆ ಎಂದರು. ಅಷ್ಟರಲ್ಲಿ ಎರಡು ಗಿಳಿಗಳು ಇಳಿದವು. ನಾನು ಢಣಢಣ ಬಡಿದೆ. ಅಧ್ಯಕ್ಷರು ಅದನ್ನು ಚಪ್ಪಾಳೆ ಎಂದುಕೊಂಡು ಕೈ ಎತ್ತಿ, "ಇರಲಿ, ಇರಲಿ," ಎಂದರು. ಗಿಳಿಗಳು ಇನ್ನೊಂದು ಮೂಲೆಗೆ ಹೋದವು. ನಾನು ಮತ್ತೆ ಬಡಿದೆ. "ನಮ್ಮ ಕಾರ್ಯದರ್ಶಿಯವರ ಉತ್ಸಾಹ ನೋಡಿ," ಎಂದರು ಅಧ್ಯಕ್ಷರು.

"ಯಾರದು, ಹೃದಯ ಇಲ್ಲದೋನು?" ಹಿಂದಿನಿಂದ ಅತ್ತೆಯ ದನಿ. ಅವರು ಬಂದದ್ದನ್ನು ನಾನು ನೋಡಿರಲಿಲ್ಲ. ನಾನು ತಡೆಯುವ ಮುಂಚೆಯೇ ಫೋನ್ ಎತ್ತಿಕೊಂಡು ಮುಖದ ಮುಂದೆ ಹಿಡಿದರು. ಏಳು ಚೌಕಗಳಲ್ಲಿ ಒಂದು ಚೌಕದ ತುಂಬ ಅವರ ಮೂಗುತಿ ಕಂಡಿತು.

"ವಣಕ್ಕಂ ಸಾರು," ಎಂದು ತಮಿಳಿನಲ್ಲೇ ಶುರು ಮಾಡಿದರು. "ನಾನೇ ಆ ತೋಟದವಳು. ನಿಮ್ಮ ಎರಡನೆಯ ಸಹಿ ನನ್ನ ಸೊಸೆ. ನಾಲ್ಕು ವಾರದಿಂದ ಹಕ್ಕಿ ಓಡಿಸ್ತಿದ್ದಾಳೆ, ಚೆನ್ನಾಗೇ ಓಡಿಸ್ತಾಳೆ. ಮೊದಲನೆಯ ಸಹಿಯವರು ಯಾವಾಗ ಬರ್ತೀರಿ? ಇನ್ನೊಂದು ತಟ್ಟೆ ಇದೆ."

ಅಧ್ಯಕ್ಷರು ಪರದೆಯ ಮೇಲೆ ಹೆಪ್ಪುಗಟ್ಟಿದಂತೆ ಕಂಡರು; ಸಿಗ್ನಲ್ ಹೋಗಿತ್ತೋ, ಅವರೇ ಹಾಗಿದ್ದರೋ ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಅವರು ಗ್ರಾಂಥಿಕ ತಮಿಳು ಬಿಟ್ಟು, ಮನೆಯ ತಮಿಳಿನಲ್ಲಿ ಮೆಲ್ಲಗೆ ಹೇಳಿದರು: "ಅಮ್ಮಾ, ಮನ್ನಿಸಿ. ಬಸ್ ಬಿಟ್ಟ ಮೇಲೆ ಬರ್ತೀನಿ."

ಬಸ್ ಬಿಟ್ಟ ಮೇಲೆ ಅವರು ನಿಜವಾಗಿಯೂ ಬಂದರು. ಅಷ್ಟರಲ್ಲಿ ಕೊಯ್ಲು ಮುಗಿದಿತ್ತು. ಒಡೆಯದೆ ಉಳಿದ ಗೊಂಚಲುಗಳನ್ನು ಮೈದುನ ತನ್ನ ಲಾರಿಯಲ್ಲೇ ಸಂತೆ ಸಂತೆಗೆ ಒಯ್ದು ಮಾರಿದ್ದ. ಎಷ್ಟು ಹಾಳಾಯಿತು ಎಂದು ನಾನು ಕೇಳಲಿಲ್ಲ, ಅತ್ತೆಯೂ ಹೇಳಲಿಲ್ಲ. ಸವರಿದ ಬೋಳು ಬಳ್ಳಿಗಳ ಕೆಳಗೆ ನಿಂತು ಅಧ್ಯಕ್ಷರು ಹಕ್ಕಿಗಳೆಲ್ಲಿ ಎಂದು ಕೇಳಿದರು. ಹಣ್ಣೇ ಇಲ್ಲ, ಯಾವ ಹಕ್ಕಿ ಬರುತ್ತದೆ ಎಂದರು ಅತ್ತೆ. ಊಟಕ್ಕೆ ಕೂರಿಸಿ, ಹೊರಡುವಾಗ ಒಂದು ಬಾಟಲಿ ದ್ರಾಕ್ಷಿ ರಸ ಕೊಟ್ಟು ಕಳಿಸಿದರು.

ಮುಂದಿನ ಹಂಗಾಮಿಗೂ ಅತ್ತೆ ನೈಲಾನ್ ಬಲೆ ಕಟ್ಟಲಿಲ್ಲ. ಕರುಣೆ ಹುಟ್ಟಿ ಬಿಟ್ಟರು ಎಂದು ಬಳಗದ ವರದಿಯಲ್ಲಿ ನಾನು ಬರೆದಿದ್ದೇನೆ. ನಿಜ ಏನೆಂದರೆ, ಸೀರೆ ಕಟ್ಟಿದರೆ ಬಲೆ ಬಿಡಿಸಿ ಸುತ್ತಿಡುವ ಕೆಲಸ ಇಲ್ಲ ಎಂದು ಅವರಿಗೆ ಅನ್ನಿಸಿತ್ತು. ಪಕ್ಕದ ಎರಡು ತೋಟದವರೂ ಅವರನ್ನು ನೋಡಿ ಸೀರೆ ಕಟ್ಟಿದರು. ಉಳಿದವರು ಬಲೆಯನ್ನೇ ಕಟ್ಟುತ್ತಾರೆ, ಇವತ್ತಿಗೂ.

ಆದರೆ ಅತ್ತೆಗೆ ಬೇರೆ ಒಂದು ನಂಬಿಕೆ ಹತ್ತಿಕೊಂಡಿತು. ಅರ್ಜಿ ಬರೆದರೆ ಸರಕಾರ ಐದು ದಿನದಲ್ಲಿ ಬೈಕ್ ಹತ್ತಿ ಬರುತ್ತದೆ ಎಂಬ ನಂಬಿಕೆ. ಎರಡು ವರ್ಷದ ನಂತರ ಒಂದು ದಿನ, ದಿಂಡಿಗಲ್ಲಿಗೆ ಮರಳಿದ್ದ ನನಗೆ ಫೋನ್ ಮಾಡಿದರು. ಕಾಲುವೆಯ ಮೇಲ್ಗಡೆ ಒಂದು ಮದುವೆ ಮಂಟಪ ಆಗಿತ್ತು; ಮುಹೂರ್ತದ ದಿನಗಳಲ್ಲಿ ಪ್ಲಾಸ್ಟಿಕ್ ಲೋಟ, ಎಲೆ, ಅನ್ನ ಎಲ್ಲ ಕಾಲುವೆಗೆ ಬಂದು, ತೋಟಕ್ಕೆ ನೀರು ತಿರುಗಿಸುವ ಮಡೆಯಲ್ಲಿ ಕಟ್ಟಿಕೊಳ್ಳುತ್ತಿತ್ತು.

"ಒಂದ್ ಮನು ಬರಿ ಕಣ್ಣು. ನನ್ ಮ್ಯಾಲೆ ಬರ್ದ್ಯಲ್ಲ, ಅಂಗೇ ಬರಿ. ಮೊದ್ಲು ನನ್ ಎಸ್ರು ಆಕು."

ನಾನು ಬರೆದೆ. ಮೊದಲ ಸಹಿ ಅತ್ತೆಯದು, ಎರಡನೆಯದು ಅಧ್ಯಕ್ಷರದು, ಮೂರನೆಯದು ನನ್ನದು. ಐದು ದಿನ ಕಳೆಯಿತು, ಐದು ವಾರ ಕಳೆಯಿತು. ಅತ್ತೆ ದಿನಾ ಬೆಳಿಗ್ಗೆ ಫೋನ್ ಮಾಡಿ ವಿ.ಎ.ಓ. ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದರು. ಹತ್ತು ವರ್ಷ ಉತ್ತರವಿಲ್ಲದೆ ಅರ್ಜಿ ಬರೆಯುವ ಅಭ್ಯಾಸ ನನಗಿತ್ತು. ದಿನಾ ಅತ್ತೆಗೆ ಉತ್ತರ ಹೇಳುವ ಅಭ್ಯಾಸ ಇರಲಿಲ್ಲ. ಕೊನೆಗೆ ಒಂದು ಸೋಮವಾರ, ಜನರ ಅಹವಾಲು ಕೇಳುವ ದಿನ, ಇಬ್ಬರೂ ತೇನಿಯ ಕಲೆಕ್ಟರ್ ಕಚೇರಿಗೆ ಹೋದೆವು. ನಮ್ಮ ಮುಂದೆ ಉದ್ದ ಸಾಲು. ಪಿಂಚಣಿ ಕೇಳುವವರು, ಜಮೀನಿನ ಪಟ್ಟಾ ಕೇಳುವವರು, ಬೋರ್‌ವೆಲ್ ಕೇಳುವವರು. ಅತ್ತೆ ಅರ್ಜಿಯ ಪ್ರತಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಸರದಿ ಬಂತು. ಗುಮಾಸ್ತ ಕಾಗದದ ಮೇಲೆ ಒಂದು ಮೊಹರು ಒತ್ತಿ, ಪಕ್ಕದ ಕಟ್ಟಿನ ಮೇಲಿಟ್ಟು, "ನೋಡೋಣಮ್ಮ," ಎಂದ. ಆ ಮಾತು ನನಗೆ ಹಳೆಯ ಪರಿಚಯ. ನಾನು ಹಿಂದಿರುಗಲು ಹೊರಟೆ. ಅತ್ತೆ ಕದಲಲಿಲ್ಲ.

"ನೋಡೋಣ ಅಂದ್ರೆ ಎಂದು?" ಎಂದು ತಮಿಳಿನಲ್ಲಿ ಕೇಳಿದರು.

"ಕಾಲುವೆ ನೋಡೋಕೆ ಅಧಿಕಾರಿಗಳು ಬರ್ತಾರಮ್ಮ."

"ಅವರು ಬರೋವರೆಗೆ ನಾನು ಆ ಮರದ ಕೆಳಗೆ ಕೂತಿರ್ತೀನಿ. ಊಟ ತಂದಿದ್ದೀನಿ."

ನಿಜವಾಗಿಯೂ ಹೋಗಿ ಬೇವಿನ ಮರದ ಕೆಳಗೆ ಕೂತು, ನಿಂಬೆಹಣ್ಣಿನ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ನಾನೂ ಪಕ್ಕದಲ್ಲಿ ಕೂತೆ. ನಾಲ್ಕು ಗಂಟೆಗೆ ಕಚೇರಿಯ ಜವಾನ ಹೊರಗೆ ಬಂದು, ನಾವು ಇನ್ನೂ ಇದ್ದೇವೆಯೇ ಎಂದು ನೋಡಿ ಒಳಗೆ ಹೋದ. ಐದು ಗಂಟೆಗೆ ಮತ್ತೆ ಬಂದು ನೋಡಿದ. ಅತ್ತೆ ಅವನಿಗೂ ಒಂದು ಹಿಡಿ ಚಿತ್ರಾನ್ನ ಬೇಕೇ ಎಂದು ಕೇಳಿದರು.